ಮೂರು ತಲೆಮಾರು ಕಳೆದರೂ ‘ಫಾರಿನರ್’ ಅಂತೀವಲ್ಲ!

ಬೈಲಕುಪ್ಪೆ ಕ್ಯಾಂಪಿನ ಅಜ್ಜಿ ಸಂತೆಗೆ ಬಂದರೆ ನಮ್ಮಲ್ಲಿ ಕೆಲವರ ಬಾಯಲ್ಲಿ ಟೊಮೆಟೊ ರೇಟು ಏರುತ್ತದೆ. ಆಟೊ ಬಾಡಿಗೆಯೂ ಏರುತ್ತದೆ. ಕೇಳಿದರೆ, "ಫಾರಿನರ್ಸ್, ದುಡ್ಡಿದೆ ಬಿಡಿ" ಅಂತೀವಿ.

ಯಾವ ಫಾರಿನ್? 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಜಾಗ ಕೊಟ್ಟಿತು. ಚಳಿ ನಾಡಿನವರು ನಮ್ಮ ಬಿಸಿಲು ತಾಳಿಕೊಂಡು, ಕಾಡು ಸವರಿ, ಮುಸುಕಿನ ಜೋಳ ಬೆಳೆದರು. ಅವರ ಮೊಮ್ಮಕ್ಕಳು ಇಲ್ಲೇ ಹುಟ್ಟಿದವರು. ಮಳೆ ಕೈಕೊಟ್ಟರೆ ನಮ್ಮ ಜೋಳದ ಜೊತೆ ಅವರ ಜೋಳವೂ ಒಣಗುತ್ತದೆ.

ಆದರೂ ಹೆಚ್ಚಿನವರು ಕಾಗದದಲ್ಲಿ ವಿದೇಶಿಯರು. ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಭಾರತದ ಪ್ರಜೆಗಳೇ. ಅದನ್ನು ಒಪ್ಪಿಸಲಿಕ್ಕೂ ಕೋರ್ಟು ಮೆಟ್ಟಿಲು ಹತ್ತಬೇಕಾಯಿತು.

"ಅವರಿಗೆ ಜಮೀನು ಕೊಟ್ಟರು, ನಮಗೆಲ್ಲಿ?" ಎನ್ನುವ ಸಿಟ್ಟು ನಮಗೂ ಗೊತ್ತು. ಭೂಮಿ ಇಲ್ಲದವರ ಸಿಟ್ಟು ನ್ಯಾಯವೇ. ಆದರೆ ಅದನ್ನು ಕೇಳಬೇಕಾದ್ದು ತಾಲ್ಲೂಕು ಕಚೇರಿಯಲ್ಲಿ, ಸೊಪ್ಪು ಕೊಳ್ಳಲು ಬಂದ ಅಜ್ಜಿಯ ಹತ್ತಿರ ಅಲ್ಲ.

ಪ್ರಜೆ ಅಂತ ಬರೆದುಕೊಡುವುದು ದೆಹಲಿಯ ಕೆಲಸ. ನೆರೆಯವರು ಅಂತ ನಡೆಸಿಕೊಳ್ಳುವುದು ನಮ್ಮ ಕೆಲಸ. ಮುಂದಿನ ಸಂತೆಯಲ್ಲಿ ಎಲ್ಲರಿಗೂ ಒಂದೇ ರೇಟು ಹೇಳೋಣ. ಅದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.