ಬಿಲ್ಲು ಶೂನ್ಯವಾದರೂ ಮೀಟರು ತಿರುಗುತ್ತಿದೆ

ರಾಜ್ಯ ಸರಕಾರವು 2023ರ ಜುಲೈ ತಿಂಗಳಲ್ಲಿ ಜಾರಿಗೆ ತಂದ ಗೃಹಜ್ಯೋತಿ ಯೋಜನೆಯಿಂದ ಆನೇಕಲ್ ತಾಲೂಕಿನ ದುಡಿಯುವ ಕುಟುಂಬಗಳಿಗೆ ನೆಮ್ಮದಿ ದೊರಕಿದೆ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕಾರ್ಖಾನೆಗಳಲ್ಲಿ ದುಡಿದು ಬಾಡಿಗೆ ವಠಾರಗಳಲ್ಲಿ ಬಾಳುವವರಿಗೆ ತಿಂಗಳಿಗೆ ಉಳಿಯುವ ಕೆಲವು ನೂರು ರೂಪಾಯಿಯೂ ದೊಡ್ಡದೇ. ಬಾಡಿಗೆದಾರರನ್ನೂ ಯೋಜನೆಗೆ ಸೇರಿಸಿದ್ದು ನ್ಯಾಯವಾದ ಕ್ರಮ. ಆದರೆ ಬಿಲ್ಲು ಶೂನ್ಯವಾದ ಮೇಲೆ, ಬೇಡದ ದೀಪವನ್ನು ಆರಿಸೆಂದು ನಮಗೆ ನೆನಪಿಸುವವರು ಯಾರು?

2022-23ರ ಸರಾಸರಿ ಬಳಕೆಗೆ ಶೇಕಡಾ 10ರಷ್ಟು ಸೇರಿಸಿದ ಪ್ರಮಾಣ ಉಚಿತ ಎಂಬುದು ಈ ಯೋಜನೆಯ ಸಾಮಾನ್ಯ ನಿಯಮ. ಅದನ್ನು ಮೀರಿದರೆ ಹೆಚ್ಚುವರಿ ಯೂನಿಟ್ಟುಗಳಿಗೆ ಹಣ ತೆರಬೇಕು. 200 ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಮಿತಿಯೊಳಗೆ ಎಷ್ಟು ಉಳಿಸಿದರೂ ಮನೆಯವರಿಗೆ ಪೈಸೆಯ ಲಾಭವಿಲ್ಲ. ಮಿತವ್ಯಯದ ಪಾಠ ಹೇಳುತ್ತಿದ್ದ ಬಿಲ್ಲು ಮೌನವಾಗಿದೆ.

ಆದರೆ ವಿದ್ಯುತ್ತು ಯಾರಿಗೂ ಪುಕ್ಕಟೆಯಾಗಿ ದೊರಕುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಜಲಾಶಯಗಳು ಸೊರಗಿ, ಪಂಪ್‌ಸೆಟ್ಟುಗಳ ಬಳಕೆ ಏರಿ, ಆ ಅಕ್ಟೋಬರಿನಲ್ಲಿ ವಿದ್ಯುತ್ ಕೊರತೆ ತಲೆದೋರಿತು. ಉತ್ತರ ಪ್ರದೇಶ, ಪಂಜಾಬುಗಳಿಂದ ವಿನಿಮಯದ ಮೇಲೆ ವಿದ್ಯುತ್ ತರಬೇಕಾಯಿತು. ನಾವು ಕೊಡದ ಹಣವನ್ನು ಸಾರ್ವಜನಿಕ ಬೊಕ್ಕಸ ಭರಿಸುತ್ತದೆ. ಬರಗಾಲದಲ್ಲಿ ನಮ್ಮ ಮನೆಯಲ್ಲಿ ಪೋಲಾದ ಯೂನಿಟ್ಟು, ಒಣಗುತ್ತಿರುವ ಬೆಳೆಯ ಮುಂದೆ ಕರೆಂಟಿಗಾಗಿ ಕಾದು ಕುಳಿತ ರೈತನ ಪಾಲಿನದೂ ಹೌದು.

ಬಿಲ್ಲು ಹೇಳದ ಪಾಠವನ್ನು ಇನ್ನು ಶಾಲೆಯೇ ಹೇಳಬೇಕು. ಡಿಸೆಂಬರ್ 14ರ ಇಂಧನ ಉಳಿತಾಯ ದಿನದಂದು ಚಿತ್ರ ಬಿಡಿಸಿ, ಘೋಷಣೆ ಕೂಗಿದರೆ ಸಾಲದು. ಏಳನೆಯ ತರಗತಿಯ ಮಕ್ಕಳು ಪ್ರತಿ ಭಾನುವಾರ ಮನೆಯ ಮೀಟರನ್ನು ಓದಿ ಪುಸ್ತಕದಲ್ಲಿ ಬರೆದಿಡಲಿ. ಅದೇ ಗಣಿತದ ಲೆಕ್ಕವಾಗಲಿ. 75 ವ್ಯಾಟಿನ ಹಳೆಯ ಫ್ಯಾನು ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್ಟು. 30 ವ್ಯಾಟಿನ ಹೊಸ ಬಗೆಯ ಫ್ಯಾನಿಗೆ 9 ಯೂನಿಟ್ಟು ಸಾಕು. 2000 ವ್ಯಾಟಿನ ಗೀಸರು ಅರ್ಧ ಗಂಟೆಯಲ್ಲಿ ಒಂದು ಯೂನಿಟ್ಟನ್ನು ನುಂಗುತ್ತದೆ. ಮಗು ತಾನೇ ಕಂಡುಕೊಂಡ ಈ ಅಂಕಿಯನ್ನು ಹೆತ್ತವರು ಸುಲಭವಾಗಿ ತಳ್ಳಿಹಾಕಲಾರರು. ಶಾಲೆಯೂ ತನ್ನ ತಿಂಗಳ ಬಳಕೆಯನ್ನು ಸೂಚನಾ ಫಲಕದಲ್ಲಿ ಬರೆಯಲಿ. ಖಾಲಿ ಕೊಠಡಿಯಲ್ಲಿ ಫ್ಯಾನು ತಿರುಗಲು ಬಿಟ್ಟ ಗುರುಗಳ ಮಾತಿಗೆ ಮಕ್ಕಳು ಬೆಲೆ ಕೊಡಲಾರರು.

ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ, ಬೇಡದ ದೀಪಗಳನ್ನು ಆರಿಸುವಂತಹ ಸಣ್ಣ ಕೆಲಸಗಳನ್ನೂ ಸೃಷ್ಟಿಯ ಪಾಲನೆಗೆ ಸೇರಿಸಿದರು. ಕುಟುಂಬ ಮತ್ತು ಶಾಲೆಗಳೂ ಅದನ್ನು ಕಲಿಸುವ ಸ್ಥಳಗಳೆಂದರು. ಹಬ್ಬದ ದಿನಗಳಲ್ಲಿ ನಮ್ಮ ದೇವಾಲಯಗಳ ದೀಪಾಲಂಕಾರ ಬೆಳಗಿನವರೆಗೂ ಉರಿಯಬೇಕೇ ಎಂಬುದನ್ನು ಧರ್ಮಕೇಂದ್ರದ ಪಾಲನಾ ಸಮಿತಿಗಳು ಚರ್ಚಿಸಬೇಕು. ಬಡವರಿಗೆ ದೊರೆತ ಈ ಸೌಲಭ್ಯ ಮುಂದೆಯೂ ಉಳಿಯಬೇಕೆಂದು ಬಯಸುವ ನಾವೇ ಅದನ್ನು ಹಿತಮಿತವಾಗಿ ಬಳಸುವುದರಲ್ಲಿಯೂ ಮೊದಲಿಗರಾಗಬೇಕು.