ಗೋಲಿ ಸೋಡಾ, ನೇತ್ರಾಣಿ ಮತ್ತು ರಾತ್ರಿ ಫ್ಲೈಟ್

ಮೊನ್ನೆ ತಮ್ಮನ ಫೋನು. "ಅಕ್ಕಾ, ಭಾನುವಾರ ಬೆಳಿಗ್ಗೆ ನೇತ್ರಾಣಿಯಲ್ಲಿ ಸ್ಕೂಬಾ, ಎರಡು ಡೈವ್. ಮಧ್ಯಾಹ್ನ ಮುರುಡೇಶ್ವರದಲ್ಲಿ ಮೀನೂಟ. ರಾತ್ರಿ ಮಂಗಳೂರಿಂದ ಫ್ಲೈಟ್ ಹಿಡಿದ್ರೆ ಸೋಮವಾರ ಆಫೀಸು. ಹೇಗಿದೆ ಪ್ಲಾನ್?"

ಚೆನ್ನಾಗೇ ಇತ್ತು, ಆ ಫ್ಲೈಟ್ ಒಂದು ಬಿಟ್ಟು.

"ಗೋಲಿ ಸೋಡಾ ಕುಡಿದಿದ್ದೀಯಲ್ಲ?" ಅಂದೆ. ಮುಚ್ಚಿದ ಬಾಟಲಿಯಲ್ಲಿ ಗುಳ್ಳೆ ಏಳೋದಿಲ್ಲ. ಕಾರ್ಬನ್ ಡೈಆಕ್ಸೈಡನ್ನು ಒತ್ತಡದಲ್ಲಿ ನೀರಿಗೆ ಕರಗಿಸಿರುತ್ತಾರೆ. ಗೋಲಿಯನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುವುದೂ ಅದೇ ಒತ್ತಡ. ಗೋಲಿ ಒಳಗೆ ತಳ್ಳಿದಿರೋ, ಟುಸ್! ಒತ್ತಡ ಇಳಿಯಿತು, ಕರಗಿದ್ದ ಅನಿಲ ಗುಳ್ಳೆಯಾಗಿ ಎದ್ದಿತು. ಒತ್ತಡ ಎರಡರಷ್ಟಾದರೆ ಕರಗುವ ಅನಿಲವೂ ಎರಡರಷ್ಟು ಅಂತ ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲೇ ತೋರಿಸಿದ್ದ. ಪಿಯುಸಿಯಲ್ಲಿ ಲೆಕ್ಕ ಬಿಡಿಸಿ, ಅಂಕ ತಗೊಂಡು ಮರೆತವರು ನಾವು.

ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡರಷ್ಟು. ಸಿಲಿಂಡರಿನ ಗಾಳಿಯನ್ನೂ ಅದೇ ಒತ್ತಡದಲ್ಲಿ ಉಸಿರಾಡಬೇಕು. ಆಮ್ಲಜನಕ ದೇಹಕ್ಕೆ ಖರ್ಚಾಗುತ್ತದೆ. ಗಾಳಿಯ ಐದರಲ್ಲಿ ನಾಲ್ಕು ಪಾಲಿನಷ್ಟಿರುವ ಸಾರಜನಕಕ್ಕೆ ಅಲ್ಲಿ ಕೆಲಸವೇ ಇಲ್ಲ; ರಕ್ತದಲ್ಲಿ, ಕೊಬ್ಬಿನಲ್ಲಿ ಸುಮ್ಮನೆ ಕರಗಿ ಕೂರುತ್ತದೆ. ನಿಧಾನಕ್ಕೆ ಮೇಲೆ ಬಂದರೆ ಉಸಿರಿನ ಜೊತೆ ಹೊರಹೋಗುತ್ತೆ, ಆದರೆ ಪೂರ್ತಿ ಹೋಗಲು ಗಂಟೆಗಟ್ಟಲೆ ಬೇಕು.

ಅಷ್ಟರೊಳಗೆ ವಿಮಾನ ಹತ್ತಿದರೆ? ಹಾರುವ ವಿಮಾನದೊಳಗಿನ ಒತ್ತಡ ನೆಲದ ಮೇಲಿನಷ್ಟಿರುವುದಿಲ್ಲ; 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. ಹೆಚ್ಚುಕಡಿಮೆ ಮುಳ್ಳಯ್ಯನಗಿರಿ ತುದಿಯಲ್ಲಿ ಕೂತಂತೆ. ಮೈಯೊಳಗಿನ ಬಾಟಲಿಗೆ ಇನ್ನೊಮ್ಮೆ ಗೋಲಿ ತಳ್ಳಿದ ಹಾಗೆ. ಗುಳ್ಳೆ ಕೀಲಿನಲ್ಲಾದರೆ ನೋವು. ಬೆನ್ನುಹುರಿಯಲ್ಲಾದರೆ ಜೋಮು ಹಿಡಿದು ಕಾಲಿನ ಸ್ವಾಧೀನವೇ ತಪ್ಪಬಹುದು. ಅದಕ್ಕೇ ಡೈವರ್‌ಗಳು ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚಾದರೆ ಕನಿಷ್ಠ 18 ಗಂಟೆ ವಿಮಾನ ಹತ್ತೋದಿಲ್ಲ. ಮೈ ಚೆನ್ನಾಗಿಯೇ ಇದೆ ಅನ್ನಿಸಿದರೂ ಅಷ್ಟೇ.

"ಹಾಗಾದ್ರೆ ಬಸ್ಸಲ್ಲಿ ಬರ್ತೀನಿ ಬಿಡು."

ಘಟ್ಟ ಹತ್ತಬೇಕಲ್ಲ ಮಾರಾಯ! ಬೆಂಗಳೂರು ಇರೋದೇ 3,000 ಅಡಿ ಮೇಲೆ. ವಿಮಾನದಷ್ಟಲ್ಲದಿದ್ದರೂ ಎತ್ತರ ಎತ್ತರವೇ. ಎಷ್ಟು ಹೊತ್ತು ಬಿಟ್ಟು ಹತ್ತಬಹುದು ಅಂತ ಡೈವ್ ಮಾಡಿಸುವವರನ್ನೇ ಕೇಳು ಅಂದೆ.

ಕೊನೆಗೆ ಸೋಮವಾರ ಮಧ್ಯಾಹ್ನಕ್ಕೆ ಟಿಕೆಟ್ ಬದಲಾಯಿತು.

"ರಜೆಗೆ ಮ್ಯಾನೇಜರ್ ಹತ್ರ ಏನಂತ ಹೇಳ್ಲಿ?"

"ಮೈಯಲ್ಲಿ ಸಾರಜನಕ ಜಾಸ್ತಿಯಾಗಿದೆ ಅನ್ನು. ನಿಜಾನೇ ತಾನೆ?"