ಹೊಲದಲ್ಲೊಂದು ಕೈವಾರ

ಕೈವಾರ ಎಂದರೆ ನಮ್ಮ ಚಿಂತಾಮಣಿ ಕಡೆಯವರಿಗೆ ಮೊದಲು ನೆನಪಾಗುವುದು ತಾತಯ್ಯನವರ ಊರು. ಜಾಮೆಟ್ರಿ ಬಾಕ್ಸ್‌ನ ಕೈವಾರದ ನೆನಪಾಗುವುದು ಪರೀಕ್ಷೆ ಬಂದಾಗಲೇ. ಆಗಲೂ ಸಮಾಂತರ ರೇಖೆಯ ರಚನೆಯನ್ನು ನಾವು ಹಂತ ಹಂತವಾಗಿ ಬಾಯಿಪಾಠ ಮಾಡುತ್ತೇವೆ. ಈ ಕಂಸ ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಈ ಪಾಠವನ್ನು ಒಮ್ಮೆಯಾದರೂ ಹೊಲದಲ್ಲಿ ಮಾಡಬೇಕು ಎನ್ನುವುದು ನನ್ನ ಅನಿಸಿಕೆ.

ಶಿಡ್ಲಘಟ್ಟದ ಹಿಪ್ಪುನೇರಳೆ ತೋಟವನ್ನೇ ತೆಗೆದುಕೊಳ್ಳಿ. ಸಾಲುಗಳು ಮುಂದೆ ಹೋದಂತೆ ಹತ್ತಿರವಾದರೆ ನಡುವೆ ಟಿಲ್ಲರ್ ಓಡುವುದಿಲ್ಲ. ಎರಡನೇ ಸಾಲು ಶುರುವಾಗಬೇಕಾದ ಕಡೆ ಒಂದು ಗೂಟ ಹೊಡೆಯಿರಿ. ಅಲ್ಲಿಂದ ಮೊದಲ ಸಾಲಿನ ಮೇಲೆ ದೂರದ ಒಂದು ಬಿಂದುವಿಗೆ ಹಗ್ಗ ಬಿಗಿದು ಗಂಟು ಹಾಕಿ. ಆ ಬಿಂದುವಿನಿಂದ ಅದೇ ಸಾಲಿನಲ್ಲಿ ಅಷ್ಟೇ ದೂರ ಮುಂದೆ ಅಳೆದು ಇನ್ನೊಂದು ಗೂಟ. ಈಗ ಎರಡೂ ಗೂಟಗಳಿಂದ ಅದೇ ಹಗ್ಗದಲ್ಲಿ ಕಂಸ ಎಳೆಯಿರಿ. ಅವು ಹೊಸದಾಗಿ ಕೂಡುವ ಜಾಗಕ್ಕೆ ಮೊದಲ ಗೂಟದಿಂದ ದಾರ ಕಟ್ಟಿದರೆ ಎರಡನೇ ಸಾಲು ಸಿದ್ಧ. ನಾಲ್ಕೂ ಬಾಹು ಒಂದೇ ಹಗ್ಗದ ಅಳತೆ, ಅಂದರೆ ವಜ್ರಾಕೃತಿ. ಅದರ ಎದುರು ಬಾಹುಗಳು ಸಮಾಂತರವಾಗಿರಲೇಬೇಕು.

ಯೂಕ್ಲಿಡ್ ತನ್ನ ಮೊದಲ ಪುಸ್ತಕದ 31ನೇ ಪ್ರಮೇಯದಲ್ಲಿ ಕೋನವನ್ನು ನಕಲು ಮಾಡಿ ಇದನ್ನು ಸಾಧಿಸಿದ. ನಮ್ಮ ಪಠ್ಯದ್ದೂ ಅದೇ ದಾರಿ. ತಪ್ಪೇನಿಲ್ಲ, ಆದರೆ ಹಗ್ಗ ಹಿಡಿದವನಿಗೆ ಕಾರಣ ಬೇಗ ಹೊಳೆಯುತ್ತದೆ.

ಮೂಲೆಮಟ್ಟ ಜಾರಿಸಿದರೆ ಕ್ಷಣದ ಕೆಲಸ ಎನ್ನುವವರಿದ್ದಾರೆ. ನೋಟ್‌ಬುಕ್ಕಿಗೆ ಸರಿ, ಅರ್ಧ ಎಕರೆಗೆ ಎಷ್ಟು ದೊಡ್ಡ ಮೂಲೆಮಟ್ಟ ತರುವುದು? ಸೆಪ್ಟೆಂಬರ್ 15ರ ಎಂಜಿನಿಯರ್‌ಗಳ ದಿನದಂದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಫೋಟೊಗೆ ಹಾರ ಹಾಕಿದ ಮೇಲೆ, ಜಿಲ್ಲೆಯ ಶಾಲೆಗಳು ಮಕ್ಕಳ ಕೈಗೆ ಒಂದು ಹಗ್ಗ, ಎರಡು ಗೂಟ ಕೊಟ್ಟು ಮೈದಾನಕ್ಕೆ ಕಳಿಸಲಿ.